ಬಿನ್, ಕೋಂ ಮತ್ತು 9ನೇ ಕಾಲಂ

"ಉಳುವವನೇ ಹೊಲದೊಡೆಯ" ಅನ್ನುವ ಘೋಷಣೆಯಲ್ಲಿರುವುದು ಎರಡೇ ಪದ. ಎರಡೂ ಪುಲ್ಲಿಂಗ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ನಮೂನೆ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರು. ಕೊಟ್ಟವರು ಬಹುಪಾಲು ಮನೆಯ ಗಂಡಸರು. ಅದೇ ಗದ್ದೆಯಲ್ಲಿ ನಾಟಿ ನೆಟ್ಟವರು, ಕಳೆ ಕಿತ್ತವರು, ಕೊಯ್ದವರು "ಉಳುವವರು" ಎನಿಸಿಕೊಳ್ಳಲಿಲ್ಲ. ಅವರು ನೇಗಿಲು ಹಿಡಿದಿರಲಿಲ್ಲ. ಹಿಡಿಯಲು ಬಿಟ್ಟೂ ಇರಲಿಲ್ಲ.

ಹೆಂಗಸು ನೇಗಿಲು ಮುಟ್ಟಿದರೆ ಮಳೆ ಹೋಗುತ್ತದೆ ಎಂಬ ನಂಬಿಕೆ ಇವತ್ತು ಯಾರೂ ಗಟ್ಟಿಯಾಗಿ ಹೇಳುವ ಮಾತಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ನೇಗಿಲೇ ಅಟ್ಟ ಸೇರಿದೆ. ಆದರೆ ಆ ನಂಬಿಕೆಯ ಕೂಸು ಪಹಣಿಯಲ್ಲಿ, ಅಂದರೆ ಜಮೀನಿನ ಹಕ್ಕು ದಾಖಲೆಯಲ್ಲಿ ಬದುಕಿದೆ. ರೈತ ಅಂದರೆ ಉಳುವವನು, ಉಳುವವನು ಅಂದರೆ ಗಂಡಸು, ಆದ್ದರಿಂದ ಖಾತೆ ಅವನ ಹೆಸರಿಗೆ. ದೇಶದ 2015-16ರ ಕೃಷಿ ಗಣತಿಯಲ್ಲಿ ಹೆಂಗಸರು ನಡೆಸುವ ಹಿಡುವಳಿಗಳು ನೂರಕ್ಕೆ 14ರಷ್ಟು, ವಿಸ್ತೀರ್ಣದಲ್ಲಿ ನೂರಕ್ಕೆ 12ಕ್ಕೂ ಕಡಿಮೆ. ಅದೇ ದೇಶದ 2011ರ ಜನಗಣತಿ ದುಡಿಯುವ ಹೆಂಗಸರಲ್ಲಿ ನೂರಕ್ಕೆ 65 ಮಂದಿ ಹೊಲದಲ್ಲೇ ಇದ್ದಾರೆ ಅನ್ನುತ್ತದೆ. ಎರಡು ಲೆಕ್ಕಗಳ ನಡುವಿನ ಕಂದಕ ಹೇಗೆ ತೋಡಲ್ಪಟ್ಟಿತು, ಅದನ್ನು ದಾಟಲು ಯಾವ ಕಾಗದ ಬೇಕು ಎಂಬುದು ಇಲ್ಲಿನ ವಿಷಯ.

ಮೊದಲು ಬೀಜ ಬಿತ್ತುವ ಕೂರಿಗೆಯನ್ನೇ ನೋಡಿ. ಉತ್ತರ ಕರ್ನಾಟಕದ ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವಾಗ ಎತ್ತು ಹೊಡೆಯುವವನು ಗಂಡಸು, ಬಟ್ಟಲಿಗೆ ಬೀಜ ಬಿಡುವವಳು ಹೆಂಗಸು. ಎಕರೆಗೆ ಮೂರು ಕೆ.ಜಿ. ಬೀಜ ಹೋಗಬೇಕು. ಉಡಿಯಿಂದ ಹಿಡಿ ತೆಗೆದು, ಬೆರಳ ಸಂದಿಯಿಂದ ಒಂದೇ ಹದದಲ್ಲಿ ಸುರಿಯಬೇಕು. ಮುಷ್ಟಿ ತುಸು ಹೆಚ್ಚು ಬಿಚ್ಚಿದರೆ ಸಾಲು ದಟ್ಟವಾಗಿ ಆಮೇಲೆ ಕೀಳುವ ಕೆಲಸ. ಒಂದು ಕೊಳವೆ ಮಣ್ಣು ಕಟ್ಟಿಕೊಂಡದ್ದು ಗಮನಕ್ಕೆ ಬರದಿದ್ದರೆ ಹೊಲದ ಈ ತುದಿಯಿಂದ ಆ ತುದಿಯವರೆಗೆ ಖಾಲಿ ಸಾಲು. ದಕ್ಷಿಣದ ರಾಗಿ ಹೊಲದಲ್ಲಿ ಅಕ್ಕಡಿ (ಮಿಶ್ರಬೆಳೆ) ಸಾಲಿಗೆ ಅವರೆ, ಹುಚ್ಚೆಳ್ಳು ಬಿಡುವ ಸಡ್ಡೆ ಎಂಬ ಕೊಳವೆಯ ಹಿಂದೆಯೂ ಅವಳೇ. ಎತ್ತು ಹೊಡೆಯುವುದಕ್ಕಿಂತ ಇದು ಸೂಕ್ಷ್ಮದ ಕೆಲಸ. ಬೆಳೆಯ ಸಾಂದ್ರತೆ ನಿರ್ಧಾರವಾಗುವುದೇ ಅವಳ ಬೆರಳಲ್ಲಿ. ಆದರೂ "ಬಿತ್ತನೆ ಮಾಡಿದವರು ಯಾರು?" ಎಂದು ಕೇಳಿದರೆ ಬರುವ ಹೆಸರು ಎತ್ತಿನ ಹಿಂದಿದ್ದವನದು.

ನೇಗಿಲಿನ ಜೊತೆಗೆ ಇನ್ನೂ ಬೇಲಿಗಳಿವೆ. ಯುಗಾದಿಯಂದು ಹೊನ್ನಾರು ಕಟ್ಟುವುದು, ಅಂದರೆ ವರ್ಷದ ಮೊದಲ ಉಳುಮೆ, ಗಂಡಸರ ಆಚರಣೆ. ಮುಟ್ಟಾದವರು ಎಲೆಬಳ್ಳಿ ತೋಟಕ್ಕೆ ಕಾಲಿಡಬಾರದು, ಕಣ ತುಳಿಯಬಾರದು ಎಂಬ ಕಟ್ಟಳೆ ಹಲವು ಕಡೆ ಈಗಲೂ ಇದೆ. ಎಲೆ ತೋಟ ವಾರಗಟ್ಟಲೆ ಬಿಟ್ಟರೆ ಕೆಡುವ ಬೆಳೆ. ಬಳ್ಳಿ ಕಟ್ಟುವುದು, ಎಲೆ ಕೊಯ್ಯುವುದು ದಿನ ನೋಡಿಕೊಂಡು ಬರುವ ಕೆಲಸವಲ್ಲ. ತಿಂಗಳಿಗೆ ನಾಲ್ಕೈದು ದಿನ ಒಳಗೆ ಹೋಗಲಾಗದವಳು ತೋಟದ ಯಜಮಾನಿ ಆಗುವುದು ಹೇಗೆ? ನಿರ್ಧಾರ ಮಾಡುವವರು ಬೇರೆಯವರೇ ಆಗಿಬಿಡುತ್ತಾರೆ. ಎಲ್ಲಕ್ಕಿಂತ ಕಠಿಣವಾದದ್ದು ವಿಧವೆಗೆ ಹಾಕುವ ಬೇಲಿ. ಮೊದಲ ಬೀಜ, ಮೊದಲ ನಾಟಿ, ರಾಶಿ ಪೂಜೆ ಮೂರಕ್ಕೂ ಮುತ್ತೈದೆ ಬೇಕು. ಗಂಡ ಸತ್ತು ಬೇಸಾಯ ಪೂರ್ತಿ ಹೆಗಲಿಗೆ ಬಿದ್ದ ವರ್ಷವೇ ಅವಳನ್ನು ಹೊಲದ ಅಂಚಿನಲ್ಲಿ ನಿಲ್ಲಿಸುತ್ತಾರೆ. ಮುಂಗಾರಿನಲ್ಲಿ ಸಾವಾದರೆ ಸೂತಕ ಕಳೆದು, ಜನ ಬಂದು ಹೋಗಿ, ಅವಳು ಹೊರಬೀಳುವ ಹೊತ್ತಿಗೆ ಬಿತ್ತುವ ಹದ ಆರಿರುತ್ತದೆ. ಆಗ ಯಾರೋ ಒಬ್ಬ ಮೈದುನ "ಈ ವರ್ಷ ನಾನೇ ಮಾಡಿಕೊಡ್ತೀನಿ ಬಿಡು" ಅನ್ನುತ್ತಾನೆ. ಆ ಒಂದು ವರ್ಷ ಹತ್ತು ವರ್ಷವಾಗುತ್ತದೆ.

ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯ ದಿನ ಪೈರು ತುಂಬಿದ ಗದ್ದೆಯನ್ನು ಬಸುರಿಯೆಂದು ಪೂಜಿಸಿ ಬಯಕೆಯ ಅಡುಗೆ ಬಡಿಸುತ್ತಾರೆ. ಬುಟ್ಟಿಯ ಮೇಲೆ ಚಿತ್ತಾರ ಬರೆಯುವುದು, ರಾತ್ರಿಯಿಡೀ ಅಡುಗೆ ಮಾಡುವುದು ಹೆಂಗಸರು. ಚೆಂದದ ಹಬ್ಬ, ಅದರ ಮೇಲೆ ತಕರಾರಿಲ್ಲ. ಆ ಗದ್ದೆಯ ಸರ್ವೆ ನಂಬರು ಹಾಕಿ ಪಹಣಿ ತೆಗೆದರೆ ಏನು ಕಾಣುತ್ತದೆ ಅನ್ನುವುದಷ್ಟೇ ಪ್ರಶ್ನೆ.

ಪಹಣಿಯಲ್ಲಿ ನೋಡಬೇಕಾದ್ದು ನಾಲ್ಕು ಕಾಲಂ. 9ರಲ್ಲಿ ಮಾಲೀಕರ ಹೆಸರು. 10ರಲ್ಲಿ ಯಾವ ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲು) ಮೂಲಕ ಬಂತು ಎಂಬ ವಿವರ. 11ರಲ್ಲಿ ಋಣಭಾರ, ಅಂದರೆ ಬ್ಯಾಂಕು, ಸೊಸೈಟಿ ಸಾಲ. 12ರಲ್ಲಿ ಸಾಗುವಳಿದಾರರು ಮತ್ತು ಬೆಳೆ. ಗಂಡಸಿನ ಹೆಸರಿನ ಮುಂದೆ "ಬಿನ್" ಎಂದು ಅಪ್ಪನ ಹೆಸರು ಬರುತ್ತದೆ, ಹೆಂಗಸಿನ ಹೆಸರಿನ ಮುಂದೆ "ಕೋಂ" ಎಂದು ಗಂಡನ ಹೆಸರು. ಈ ಪುಟ್ಟ "ಕೋಂ" ಮಾಡುವ ಅವಾಂತರ ಸಣ್ಣದಲ್ಲ. ತವರಿನ ಜಮೀನಿಗೆ ಸೇರಿಸುವಾಗ ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು, ಮದುವೆಯಲ್ಲಿ ಹೆಸರೇ ಬದಲಾಗಿದ್ದರೆ ಇನ್ನೊಂದು. ಲಕ್ಷ್ಮಮ್ಮ, ಲಕ್ಷ್ಮೀದೇವಮ್ಮ, ಲಕ್ಷ್ಮೀದೇವಿ ಮೂವರೂ ಒಬ್ಬಳೇ ಎಂದು ಕಂಪ್ಯೂಟರ್ ಒಪ್ಪುವುದಿಲ್ಲ. ಅಣ್ಣತಮ್ಮಂದಿರಿಗೆ ಈ ತೊಂದರೆ ಬರುವುದು ಅಪರೂಪ, ಅವರ "ಬಿನ್" ಹುಟ್ಟಿನಿಂದ ಸಾವಿನವರೆಗೆ ಒಂದೇ.

9ನೇ ಕಾಲಂನಲ್ಲಿ ಹೆಸರಿಲ್ಲದಿದ್ದರೆ ಏನೇನು ತಪ್ಪುತ್ತದೆ? ರೈತರನ್ನು ನೋಂದಾಯಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಆ ಜಮೀನಿನ ಮೇಲೆ ರೈತ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಆಗುವುದಿಲ್ಲ. ಎಫ್‌ಐಡಿ ಇಲ್ಲದೆ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಬೀಜವಿಲ್ಲ, ಸೊಸೈಟಿಯ ಬಡ್ಡಿರಹಿತ ಬೆಳೆಸಾಲವಿಲ್ಲ, ಬೆಳೆ ಹಾನಿ ಪರಿಹಾರ ಖಾತೆಗೆ ಬರುವುದಿಲ್ಲ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ರಾಗಿ ಕೊಡಲೂ ಆಗುವುದಿಲ್ಲ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಖಾತೆ ಇನ್ನೂ ತೀರಿಹೋದ ಮಾವನ ಹೆಸರಿನಲ್ಲೇ ಇರುವ ಜಮೀನಿನಲ್ಲಿ ರಾಗಿ ಬೆಳೆದ ಸೊಸೆ ಅದನ್ನು ಹಳ್ಳಿಗೆ ಬರುವ ವ್ಯಾಪಾರಿಗೆ ಅವನು ಹೇಳಿದ ಬೆಲೆಗೆ ಕೊಡಬೇಕು. ಸತ್ತವರ ಹೆಸರಿಗೆ ಎಫ್‌ಐಡಿ ಆಗುವುದಿಲ್ಲವಲ್ಲ.

ಒಂದು ತಮಾಷೆ ಇಲ್ಲೇ ಇದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ 18 ದಾಟಿದ ಹಿರಿಯ ಹೆಂಗಸು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದೂ ಅದರ ಆಧಾರದ ಮೇಲೆಯೇ. ಅಂದರೆ ಅಕ್ಕಿ ತರುವಾಗ ಅವಳು ಯಜಮಾನಿ, ಅಕ್ಕಿ ಬೆಳೆಯುವಾಗ ಅಲ್ಲ.

ಹೆಸರು ತಪ್ಪುವ ಜಾಗ ಸಾಮಾನ್ಯವಾಗಿ ಒಂದೇ: ಪೌತಿ ಖಾತೆ. ಅಪ್ಪ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವಾಗ ಮರಣ ಪ್ರಮಾಣಪತ್ರ, ವಂಶವೃಕ್ಷ, ಅಫಿಡವಿಟ್, ಎಲ್ಲ ವಾರಸುದಾರರ ಆಧಾರ್ ಬೇಕು. ಅರ್ಜಿ ನಾಡಕಚೇರಿಯಲ್ಲಿ. ಗ್ರಾಮ ಆಡಳಿತ ಅಧಿಕಾರಿ ಊರಲ್ಲಿ ವಿಚಾರಿಸಿ ಮಹಜರು ಬರೆಯುತ್ತಾರೆ, ಆಕ್ಷೇಪಣೆಗೆ ಗಡುವು ಕೊಟ್ಟು ನೋಟಿಸ್ ಹೊರಡುತ್ತದೆ, ತಕರಾರು ಬರದಿದ್ದರೆ ಕಂದಾಯ ನಿರೀಕ್ಷಕರು ಮ್ಯುಟೇಷನ್ ದೃಢಪಡಿಸುತ್ತಾರೆ. ವಿಧಾನ ಸರಳವೇ. ಮೋಸ ನಡೆಯುವುದು ವಂಶವೃಕ್ಷದಲ್ಲಿ. ಮೂರು ಗಂಡು, ಎರಡು ಹೆಣ್ಣು ಇದ್ದ ಮನೆಯ ವಂಶವೃಕ್ಷಕ್ಕೆ ಮೂರೇ ಕೊಂಬೆ. ಮಹಜರಿಗೆ ಸಹಿ ಹಾಕುವ ಪಂಚರಿಗೆ ಆ ಹೆಣ್ಣುಮಕ್ಕಳ ಮದುವೆ ಊಟ ನೆನಪಿರುತ್ತದೆ, ಆದರೆ "ಅವರಿಗೆ ಕೊಟ್ಟು ಕಳಿಸಿದೀವಲ್ಲ" ಅನ್ನುವ ಮಾತಿಗೆ ಊರೆಲ್ಲ ಒಂದಾಗಿಬಿಡುತ್ತದೆ. ನೋಟಿಸ್ ಅಂಟಿಸುವುದು ತವರಿನ ಚಾವಡಿಯಲ್ಲಿ. ಅವಳಿರುವುದು ಐವತ್ತು ಮೈಲಿ ಆಚೆ.

ಬಿಟ್ಟುಹೋಗುವ ಇನ್ನೊಬ್ಬಳು ಸೊಸೆ. ಮಾವನಿಗಿಂತ ಮೊದಲೇ ಗಂಡ ತೀರಿಕೊಂಡಿದ್ದರೆ, ಆ ಸೊಸೆಯೂ ಅವಳ ಮಕ್ಕಳೂ ಮೊದಲ ದರ್ಜೆಯ ವಾರಸುದಾರರು. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಇದು 1956ರಿಂದಲೂ ಇದೆ. ವಂಶವೃಕ್ಷ ಬರೆಸುವವರು ಮೊಮ್ಮಗನ ಹೆಸರನ್ನಷ್ಟೇ ಹಾಕಿಸಿ ಅವಳನ್ನು "ಪೋಷಕಿ ತಾಯಿ" ಎಂದು ತೋರಿಸುತ್ತಾರೆ. ನೋಡಲು ಅವಳ ಹೆಸರು ಪಹಣಿಯಲ್ಲಿ ಇದ್ದಂತೆಯೇ ಕಾಣುತ್ತದೆ. ಮಗ 18 ದಾಟಿದ ದಿನ ಆ ಹೆಸರು ಅಳಿಸಿಹೋಗುತ್ತದೆ. ಅಪ್ರಾಪ್ತ ಮಗನ ಹೆಸರಿನ ಜೊತೆ ತಾಯಿಯ ಹೆಸರು ಬೇರೆ ವಾರಸುದಾರಳಾಗಿ, ತನ್ನದೇ ಸಾಲಿನಲ್ಲಿ ಇದೆಯೇ ಎಂದು ನೋಡಲೇಬೇಕು.

ಕಾನೂನಿನ ತಾರೀಖುಗಳನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಪಂಚಾಯ್ತಿ ಕಟ್ಟೆಯಲ್ಲಿ ಎಲ್ಲರೂ ಅರ್ಧ ತಾರೀಖು ಹೇಳುತ್ತಾರೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ತಂದು ಅವಿಭಕ್ತ ಕುಟುಂಬದ ಪಾಲಿನಲ್ಲಿ ವಿಧವೆ, ತಾಯಿ, ಮದುವೆಯಾಗದ ಹೆಣ್ಣುಮಕ್ಕಳಿಗೆ ಅಷ್ಟಿಷ್ಟು ಕೊಟ್ಟಿತ್ತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಮಗಳನ್ನೂ ಹುಟ್ಟಿನಿಂದಲೇ ಸಹಭಾಗಿ ಮಾಡಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. "94ಕ್ಕೆ ಮುಂಚೆ ಮದುವೆಯಾದ್ರೆ ಪಾಲಿಲ್ಲ" ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ. 2005ರ ಸೆಪ್ಟೆಂಬರ್ 9ರಂದು ಬಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆ ದಿನ ಅಪ್ಪ ಬದುಕಿರಬೇಕೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಿಡಿಸಿತು: ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ವಿಭಾಗ ಮುಗಿದಿದ್ದರೆ ಅದನ್ನು ಕೆದಕುವಂತಿಲ್ಲ. "ಬಾಯಿಮಾತಲ್ಲಿ ಯಾವತ್ತೋ ಪಾಲಾಗಿದೆ" ಎಂಬ ವಾದ ಮಾತ್ರ ಸುಲಭಕ್ಕೆ ನಿಲ್ಲುವುದಿಲ್ಲ. ಅಪ್ಪನ ಸ್ವಯಾರ್ಜಿತವಾದರೆ ಕಥೆ ಬೇರೆ, ಅದನ್ನು ಅವನು ಉಯಿಲು ಬರೆದು ಯಾರಿಗಾದರೂ ಕೊಡಬಹುದು. ಇದೆಲ್ಲ ಹಿಂದೂ ಕುಟುಂಬಗಳ ಮಾತು. ಮುಸ್ಲಿಂ, ಕ್ರೈಸ್ತ ಕುಟುಂಬಗಳ ಉತ್ತರಾಧಿಕಾರದ ನಿಯಮ ಬೇರೆ.

ಹಾಗಿದ್ದೂ ಹೆಣ್ಣುಮಕ್ಕಳು ಕೇಳುವುದಿಲ್ಲ. ಅಜ್ಞಾನ ಅನ್ನುವವರಿದ್ದಾರೆ, ಅದು ಸೋಮಾರಿ ವಿವರಣೆ. ಅವರು ಲೆಕ್ಕ ಹಾಕಿಯೇ ಸುಮ್ಮನಿರುವುದು. ಗಂಡನ ಮನೆಯಲ್ಲಿ ಏನಾದರೂ ಆದರೆ ಹಿಂತಿರುಗಲು ಇರುವುದು ಅಣ್ಣನ ಮನೆಯೊಂದೇ. ಗೌರಿಗೆ ಬರುವ ಬಾಗಿನ, ಬಾಣಂತನ, ಮಕ್ಕಳ ಮದುವೆಗೆ ಸೋದರಮಾವನ ಉಡುಗೊರೆ, ಎಲ್ಲದರ ಬೆಲೆ ಒಂದು ಎಕರೆಗೆ ಸಮ ಎಂದು ತೂಗಿ ನೋಡುತ್ತಾರೆ. ಅಣ್ಣಂದಿರಿಗೂ ಅದು ಗೊತ್ತು. ಹಬ್ಬಕ್ಕೆ ಕರೆದು, ಸೀರೆ ಉಡಿಸಿ, ಅರಿಶಿನ ಕುಂಕುಮದ ಹೆಸರಲ್ಲಿ ಒಂದಿಷ್ಟು ದುಡ್ಡು ಕೊಟ್ಟು, ಮರುದಿನ ಉಪನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು ಹೊಸದೇನಲ್ಲ. ಇದರಲ್ಲಿ ತಿಳಿಯಬೇಕಾದ್ದು ಇಷ್ಟು: ಛಾಪಾ ಕಾಗದದ ಮೇಲೆ ಮನೆಯಲ್ಲೇ ಬರೆಸಿಕೊಂಡ, ನೋಂದಣಿಯಾಗದ ಖುಲಾಸೆ ಪತ್ರದಿಂದ ಸಾಮಾನ್ಯವಾಗಿ ಹಕ್ಕು ಹೋಗುವುದಿಲ್ಲ. ನೋಂದಣಿಯಾದದ್ದನ್ನು ಬಿಡಿಸಿಕೊಳ್ಳುವುದು ಬಹಳ ಕಷ್ಟ, ಮೋಸವನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಬಿಟ್ಟುಕೊಡಲು ಮನಸ್ಸಿದ್ದರೂ ಪೂರ್ತಿ ಬಿಡದೆ ಹತ್ತು ಗುಂಟೆ ಉಳಿಸಿಕೊಂಡವರು ಜಾಣರು. 9ನೇ ಕಾಲಂನಲ್ಲಿ ಹತ್ತು ಗುಂಟೆಗೂ ಹೆಸರು ಬರುತ್ತದೆ, ಎಫ್‌ಐಡಿಯೂ ಆಗುತ್ತದೆ.

ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ಹೆಣ್ಣಿನ ಬಳಿಯಿಂದಲೇ ಇಳಿದು ಬರುತ್ತಿತ್ತು. ಅಲ್ಲಿಯೂ ಗದ್ದೆಯ ಗೇಣಿ, ವ್ಯವಹಾರ ನೋಡಿಕೊಳ್ಳುತ್ತಿದ್ದವನು ಹೆಚ್ಚಾಗಿ ಸೋದರಮಾವ. ಹೆಸರು ಬಂದ ಮಾತ್ರಕ್ಕೆ ಕೈಗೆ ಬೀಗದ ಕೈ ಬರುವುದಿಲ್ಲ ಎಂದು ಹೇಳುವವರಿಗೆ ಈ ಉದಾಹರಣೆ ಇಷ್ಟ. ನಿಜ. ಆದರೆ ಹೆಸರೂ ಇಲ್ಲದವಳಿಗೆ ಬೀಗದ ಮನೆಯೇ ಇಲ್ಲ.

ಹೆಸರು ಬಿಟ್ಟು ಪೌತಿ ಅರ್ಜಿ ಹೋಗಿದೆ ಎಂದು ಗೊತ್ತಾದರೆ ಮಾಡಬೇಕಾದ್ದಕ್ಕೆ ಒಂದು ಕ್ರಮವಿದೆ. ಸರ್ವೆ ನಂಬರು ಹಾಕಿ ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಲ್ಲಿ ಮ್ಯುಟೇಷನ್ ಯಾವ ಹಂತದಲ್ಲಿದೆ ನೋಡಿ ಎಂಆರ್ ನಂಬರು (ಮ್ಯುಟೇಷನ್ ರಿಜಿಸ್ಟರ್ ಸಂಖ್ಯೆ) ಬರೆದುಕೊಳ್ಳಿ. ನೋಟಿಸಿನಲ್ಲಿರುವ ಗಡುವಿನೊಳಗೆ ತಹಶೀಲ್ದಾರರಿಗೆ ಲಿಖಿತ ಆಕ್ಷೇಪಣೆ ಕೊಡಿ, ಅದರಲ್ಲಿ ಸರ್ವೆ ನಂಬರು, ಎಂಆರ್ ನಂಬರು, ತಾವು ಯಾರ ಮಗಳು ಎಂಬುದು ಸ್ಪಷ್ಟವಾಗಿರಲಿ. ಜೊತೆಗೆ ಅಪ್ಪನ ಹೆಸರಿರುವ ಶಾಲೆಯ ವರ್ಗಾವಣೆ ಪತ್ರ, ಹಳೆಯ ಪಡಿತರ ಚೀಟಿ ಅಥವಾ ಮತದಾರರ ಪಟ್ಟಿ, ಏನೂ ಇಲ್ಲದಿದ್ದರೆ ಲಗ್ನಪತ್ರಿಕೆಯಾದರೂ ಇರಲಿ. ಸ್ವೀಕೃತಿಯ ಮೊಹರು ಬಿದ್ದ ಪ್ರತಿ ಕೈಯಲ್ಲಿರಬೇಕು, ಬಾಯಲ್ಲಿ ಹೇಳಿ ಬಂದರೆ ಹೇಳಿದಂತೆ ಆಗುವುದಿಲ್ಲ. ಆಕ್ಷೇಪಣೆ ದಾಖಲಾದರೆ ಮ್ಯುಟೇಷನ್ ನಿಂತು ತಕರಾರು ಪ್ರಕರಣವಾಗುತ್ತದೆ. ಅವಧಿ ಮೀರಿ ಖಾತೆ ಆಗಿಹೋಗಿದ್ದರೆ ಭೂಕಂದಾಯ ಕಾಯ್ದೆಯ ಕಲಂ 136(2)ರಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಇಷ್ಟಾದರೂ ಕಂದಾಯ ಅಧಿಕಾರಿ ಹಕ್ಕನ್ನು ತೀರ್ಮಾನಿಸುವುದಿಲ್ಲ. ಅದು ಸಿವಿಲ್ ಕೋರ್ಟಿನ ಕೆಲಸ.

ಕೋರ್ಟು ಎಂದಕೂಡಲೇ ಖರ್ಚಿನ ಹೆದರಿಕೆ. ಜಂಟಿ ಸ್ವಾಧೀನದಲ್ಲಿದ್ದೇನೆ ಎಂದು ಹೂಡುವ ಪಾಲಿನ ದಾವೆಗೆ ಕರ್ನಾಟಕದಲ್ಲಿ ಕೋರ್ಟ್ ಫೀ 200 ರೂಪಾಯಿ ಮೀರುವುದಿಲ್ಲ. ವಕೀಲರ ವಿಷಯಕ್ಕೆ ಬಂದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಕೊಡುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅದರ ಸಮಿತಿ ಇರುತ್ತದೆ. ದಾವೆ ಹೂಡಿದ ದಿನವೇ ಪರಭಾರೆ ಮಾಡದಂತೆ ತಡೆಯಾಜ್ಞೆ ಕೇಳದಿದ್ದರೆ, ಕೇಸು ನಡೆಯುತ್ತಿರುವಾಗಲೇ ಜಮೀನು ಮೂರನೆಯವರ ಕೈ ಸೇರಿ ಗಂಟು ಇನ್ನಷ್ಟು ಬಿಗಿಯಾಗುತ್ತದೆ.

ಗಂಡ ಬದುಕಿರುವಾಗ ಹೆಂಡತಿಯ ಸ್ಥಿತಿ ಇನ್ನೂ ವಿಚಿತ್ರ. ಮೂವತ್ತು ವರ್ಷ ಆ ಹೊಲದಲ್ಲೇ ದುಡಿದರೂ ಅವನ ಜೀವಿತಕಾಲದಲ್ಲಿ ಪಾಲು ಕೇಳುವ ಹಕ್ಕು ಅವಳಿಗಿಲ್ಲ. ಅವನಾಗಿ ಕೊಡಬೇಕು. ಕೊಡುವ ಮನಸ್ಸಿದ್ದರೆ ದಾರಿ ಸುಲಭ: ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಮಾರುಕಟ್ಟೆ ಬೆಲೆಯ ಶೇಕಡಾವಾರು ಅಲ್ಲ, ನಿಗದಿತ ಸಣ್ಣ ಮೊತ್ತ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಡುವುದಾದರೆ ಮೊದಲು ಆ ಭಾಗವನ್ನು ಅಳೆದು ಗುರುತಿಸುವ 11ಇ ಸರ್ವೆ ನಕ್ಷೆ ಮಾಡಿಸಬೇಕು, ಅದಿಲ್ಲದೆ ನೋಂದಣಿ ಆಗದು. ಅದಕ್ಕೇ ವಾರ, ತಿಂಗಳು ಹಿಡಿಯುವುದರಿಂದ ಬಿತ್ತನೆ ಇಲ್ಲದ ಬೇಸಿಗೆಯಲ್ಲಿ ಅರ್ಜಿ ಹಾಕುವುದು ವಾಸಿ. ಪಿಎಂ ಕಿಸಾನ್‌ನ 6,000 ರೂಪಾಯಿ ಎರಡಾಗುತ್ತದೆ ಎಂಬ ಆಸೆ ಬೇಡ. ಅದು ಕುಟುಂಬಕ್ಕೆ ಒಂದು, ಜೊತೆಗೆ 2019ರ ಫೆಬ್ರುವರಿ 1ರ ನಂತರ ವಾರಸುದಾರಿಕೆಯಿಂದ ಬಂದದ್ದು ಬಿಟ್ಟು ಬೇರೆ ರೀತಿಯಲ್ಲಿ ಹೆಸರಿಗೆ ಬಂದ ಜಮೀನಿಗೆ ಅದು ಸಿಗುವುದಿಲ್ಲ.

ಮೊದಲಿನಿಂದಲೇ ಇಬ್ಬರ ಹೆಸರು ಹಾಕುವ ಕಾನೂನುಗಳೂ ಇವೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಗಂಡಹೆಂಡಿರ ಜಂಟಿ ಹೆಸರಿಗೇ ಬರಬೇಕು. ರಾಜ್ಯದ ಭೂ ಒಡೆತನ ಯೋಜನೆಯಲ್ಲಿ ಅರ್ಧ ಸಹಾಯಧನ, ಅರ್ಧ ಸಾಲದ ಮೇಲೆ ಜಮೀನು ಕೊಳ್ಳುವವಳು ಪರಿಶಿಷ್ಟ ಜಾತಿಯ ಭೂರಹಿತ ಕೂಲಿ ಹೆಂಗಸೇ. ಭೂಮಿಯಿಲ್ಲದವರು ಗುಂಪಾಗಿ ಗುತ್ತಿಗೆಗೆ ಹಿಡಿಯಬಹುದಲ್ಲ ಎಂದರೆ ಕರ್ನಾಟಕದ ಭೂಸುಧಾರಣಾ ಕಾಯ್ದೆ ಗೇಣಿಯನ್ನೇ ನಿಷೇಧಿಸಿದೆ. ಹಾಗಾಗಿ ಸ್ವಸಹಾಯ ಸಂಘದವರು ಗುತ್ತಿಗೆಗೆ ಮಾಡುವ ಹೊಲಕ್ಕೆ ಕಾಗದವಿಲ್ಲ, ಕಾಗದವಿಲ್ಲದ್ದಕ್ಕೆ ವಿಮೆಯೂ ಇಲ್ಲ. ಉಳುವವನನ್ನು ಕಾಪಾಡಲು ಬಂದ ನಿಯಮ ಉಳುವವಳ ಕಾಲಿಗೆ ತೊಡರುವುದು ಹೀಗೆ. ಜಮೀನಿದ್ದರೂ ಇಲ್ಲದಿದ್ದರೂ ಬೇಸಾಯ ಮಾಡುವವಳಿಗೆ ಗ್ರಾಮ ಪಂಚಾಯ್ತಿಯೇ ಮಹಿಳಾ ರೈತಳೆಂದು ಪ್ರಮಾಣಪತ್ರ ಕೊಡಲಿ ಎಂಬ ಮಸೂದೆಯನ್ನು ಎಂ.ಎಸ್. ಸ್ವಾಮಿನಾಥನ್ 2012ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ್ದರು. ಮರುವರ್ಷ ಅದು ಬಿದ್ದುಹೋಯಿತು. ಆ ಪ್ರಮಾಣಪತ್ರ ಇದ್ದಿದ್ದರೆ ಮೇಲಿನ ಅರ್ಧ ರಗಳೆ ಬರೆಯಬೇಕಿರಲಿಲ್ಲ.

ಕಾಗದದ ಆಚೆ, ಹೊಲದೊಳಗೆ ಬಂದರೆ ಎರಡು ವಿಷಯಗಳನ್ನು ಯಾರೂ "ಸಂಸ್ಕೃತಿ" ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಕರೆಂಟು. ಪಂಪ್‌ಸೆಟ್ಟಿಗೆ ಮೂರು ಫೇಸ್ ಬರುವುದು ದಿನಕ್ಕೆ ಏಳು ಗಂಟೆ, ಅದರಲ್ಲೂ ಪಾಳಿ ಪ್ರಕಾರ ರಾತ್ರಿ. ಹಾವು, ಚಿರತೆ, ಅದಕ್ಕಿಂತ ಹೆಚ್ಚಾಗಿ ಊರಿನ ಬಾಯಿ. ರಾತ್ರಿ ಎರಡಕ್ಕೆ ಹೊಲದಲ್ಲಿ ಬ್ಯಾಟರಿ ಹಿಡಿದ ಹೆಂಗಸಿನ ಬಗ್ಗೆ ಬೆಳಗ್ಗೆ ಏನು ಮಾತಾಡುತ್ತಾರೆಂದು ಅವಳಿಗೆ ಗೊತ್ತು. ಮೊಬೈಲ್‌ನಿಂದ ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆ ಅರ್ಧ ಪರಿಹಾರ ಮಾತ್ರ. ಮೋಟಾರು ಮನೆಯಿಂದ ಓಡುತ್ತದೆ, ಆದರೆ ಕಾಲುವೆಯಲ್ಲಿ ಮಡಿ ತಿರುಗಿಸಲು ಯಾರಾದರೂ ಹೋಗಲೇಬೇಕು. ಹನಿ ನೀರಾವರಿ ಇದ್ದು ವಾಲ್ವುಗಳನ್ನು ಸಂಜೆಯೇ ಹೊಂದಿಸಿಟ್ಟರೆ ಮಾತ್ರ ಆ ಪೆಟ್ಟಿಗೆ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಯಂತ್ರ. ನಾಟಿ, ಕಳೆ, ಕೊಯ್ಲು ಹೆಣ್ಣಾಳಿನ ಕೆಲಸಗಳಾಗಿದ್ದವು. ಎಕರೆ ನಾಟಿಗೆ ದಿನಕ್ಕೆ ಹತ್ತು ಹನ್ನೆರಡು ಹೆಂಗಸರು ಬೇಕಾಗುತ್ತಿದ್ದರು. ನಾಟಿ ಯಂತ್ರ ಬಂತು, ಅದರ ಸೀಟಿನ ಮೇಲೆ ಕೂತವನು ಗಂಡಸು. ಕಳೆನಾಶಕ ಬಂತು, ಪಂಪು ಹೊತ್ತವನು ಗಂಡಸು. ಕೆಲಸ ಬಗ್ಗಿ ಮಾಡುವವರೆಗೆ ಅವಳದು, ಕೂತು ಮಾಡುವಂತಾದ ದಿನ ಅವನದು. ಔಷಧಿ ಹೊಡೆಯುವುದು ಗಂಡಾಳಿನ ಕೆಲಸ ಎಂದು ಅವನಿಗೆ ಹೆಚ್ಚು ಕೂಲಿ. ಎಕರೆಗೆ 200 ಲೀಟರ್ ದ್ರಾವಣ ಬೇಕೆಂದರೆ 16 ಲೀಟರಿನ ಪಂಪು ಹನ್ನೆರಡು ಹದಿಮೂರು ಸಲ ತುಂಬಬೇಕು. ಆ ನೀರು ಬಿಂದಿಗೆಯಲ್ಲಿ ಹೊತ್ತು ತರುವವಳು, ಡಬ್ಬಿಯಿಂದ ಗಟ್ಟಿ ಔಷಧಿ ಅಳೆದು ಕಲಸುವವಳು, ಸಂಜೆ ಅವನ ಬಟ್ಟೆ ಒಗೆಯುವವಳು ಯಾವ ಲೆಕ್ಕದಲ್ಲೂ ಇಲ್ಲ. ವಿಷ ಅತಿ ಗಟ್ಟಿಯಾಗಿರುವುದು ಕಲಸುವ ಹೊತ್ತಿನಲ್ಲೇ. ಕೈಗವಸು ಒಂದೇ ಜೊತೆ ಇದ್ದರೆ ಅದು ಮೊದಲು ಕಲಸುವ ಕೈಗೆ ಹೋಗಬೇಕು. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಟ್ರ್ಯಾಕ್ಟರ್ ಕಾಯ್ದಿರಿಸುವಾಗ ತನ್ನದೇ ಹೆಸರು, ತನ್ನದೇ ಫೋನ್ ನಂಬರು ಕೊಡುವುದು ಸಣ್ಣ ವಿಷಯದಂತೆ ಕಂಡರೂ ಚಾಲಕ ಯಾರಿಗೆ ಫೋನು ಮಾಡಿ "ಎಷ್ಟು ಆಳ ಹೊಡೀಲಿ?" ಎಂದು ಕೇಳುತ್ತಾನೆ ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಕೂಲಿಯ ತಾರತಮ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1976ರಲ್ಲೇ ಸಮಾನ ವೇತನದ ಕಾಯ್ದೆ ಬಂತು, ಉದ್ಯೋಗ ಖಾತರಿಯಲ್ಲಿ ಇಬ್ಬರಿಗೂ ಒಂದೇ ದರ ಕೊಟ್ಟೂ ತೋರಿಸಿದರು, ಊರಿನ ದರ ಮಾತ್ರ ಇವತ್ತಿಗೂ "ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು".

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘ ಸಿರಿಧಾನ್ಯ ಮತ್ತು ಬೀಜ ಬ್ಯಾಂಕಿನ ಕೆಲಸಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಪಡೆಯಿತು. ಬೀಜ ಆರಿಸುವುದು, ಬೂದಿಯಲ್ಲಿ ಕಲಸಿಡುವುದು, ಬೇವಿನ ಸೊಪ್ಪು ಹಾಕಿ ಕಾಪಿಡುವುದು ಮೊದಲಿಂದಲೂ ಹೆಂಗಸರ ಕೈಯಲ್ಲೇ ಇದ್ದ ಕೆಲಸ. ಅದಕ್ಕೆ ಪಹಣಿ ಬೇಡವಾಗಿತ್ತು. ಅಲ್ಲಿಂದಲೇ ಶುರುಮಾಡಿದ್ದರಿಂದ ಅವರಿಗೆ ದಾರಿ ಸಿಕ್ಕಿತು ಅನಿಸುತ್ತದೆ.

ಹಾಲಿನ ವಿಷಯವೂ ಹಾಗೆಯೇ. ಡೇರಿಯಲ್ಲಿ ಸದಸ್ಯತ್ವಕ್ಕೆ ಕೇಳುವುದು ಹಾಲು, ಜಮೀನಲ್ಲ. ಕರ್ನಾಟಕದಲ್ಲಿ ಮಹಿಳೆಯರದ್ದೇ ಹಾಲು ಉತ್ಪಾದಕರ ಸಂಘಗಳು ಹಬ್ಬಿದ್ದಕ್ಕೆ ಇದು ದೊಡ್ಡ ಕಾರಣ. ಬಟವಾಡೆ ಅವಳ ಹೆಸರಿನ ಖಾತೆಗೇ ಬೀಳುತ್ತದೆ. ಆದರೆ ಎರಡನೇ ಹಸುವಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದರೆ ಕೌಂಟರಿನವರು ಮತ್ತದೇ ಕೇಳುತ್ತಾರೆ: ಪಹಣಿ ಇದೆಯಾ, ಯಜಮಾನರು ಬಂದಿದ್ದಾರಾ? ರಿಸರ್ವ್ ಬ್ಯಾಂಕಿನ ನಿಯಮದಂತೆ 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ, ಹೈನುಗಾರಿಕೆಯೂ ಸೇರಿ, ಅಡಮಾನ ಕೇಳುವಂತಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡು ಹಸು ಸಾಕುವವರಿಗೂ ಸಿಗುತ್ತದೆ. ಡೇರಿಯ ಪಾಸ್ ಪುಸ್ತಕದ ಕಳೆದ ಆರು ತಿಂಗಳ ಪುಟಗಳು, ಸಂಘದ ಕಾರ್ಯದರ್ಶಿಯ ದೃಢೀಕರಣ ಪತ್ರ, ಆಧಾರ್ ಇಷ್ಟನ್ನು ಅರ್ಜಿಗೆ ಲಗತ್ತಿಸಿ ಕೊಡಿ. ಆಗುವುದಿಲ್ಲ ಅಂದರೆ ಆ ಮಾತನ್ನು ಅರ್ಜಿಯ ಮೇಲೆಯೇ ಬರೆದು ಸಹಿ ಹಾಕಿಕೊಡಲು ಹೇಳಿ.